ಸೂಪರ್‌ಹೀರೋ ಹುಟ್ಟಿದ ಕಥೆಯನ್ನು ಪ್ರತಿ ಸಲವೂ ಹೇಳಬೇಕಾ?

ಪ್ರಶ್ನೆ: ಸೂಪರ್‌ಹೀರೋ ಸಿನಿಮಾ ಅಂದರೆ ನನಗೆ ಇಷ್ಟ. ಆದರೆ ನಟ ಬದಲಾದಾಗಲೆಲ್ಲ ಕಥೆ ಮತ್ತೆ ಮೊದಲಿನಿಂದ ಶುರು. ಮತ್ತೆ ಅದೇ ಜೇಡ ಕಚ್ಚುತ್ತದೆ, ಮತ್ತೆ ಅದೇ ಕತ್ತಲೆ ಗಲ್ಲಿಯಲ್ಲಿ ಅಪ್ಪ ಅಮ್ಮ ಸಾಯುತ್ತಾರೆ. ಗೊತ್ತಿರುವುದನ್ನೇ ಒಂದು ಗಂಟೆ ನೋಡಬೇಕು. ಹೀಗೆ ಬೈದುಕೊಳ್ಳುತ್ತಿದ್ದವನು 2025ರ 'ಸೂಪರ್‌ಮ್ಯಾನ್'ಗೆ ಅಕ್ಕನ ಮಗನನ್ನು ಕರೆದುಕೊಂಡು ಹೋದೆ. ಅದು ಹುಟ್ಟಿನ ಕಥೆಯ ಗೋಜಿಗೇ ಹೋಗದೆ ಶುರುವಾಯಿತು. ಒಂಬತ್ತು ವರ್ಷದ ಹುಡುಗ, 'ಇವನು ಯಾರು? ಎಲ್ಲಿಂದ ಬಂದ? ಯಾಕೆ ಬಿದ್ದ?' ಅಂತ ಕಿವಿಯಲ್ಲಿ ಕೇಳುತ್ತಲೇ ಇದ್ದ. ಹೇಳಿದರೆ ನನಗೆ ಬೋರು, ಹೇಳದಿದ್ದರೆ ಅವನಿಗೆ ಗೊಂದಲ. ಗೊತ್ತಿರುವ ಕಥೆಯನ್ನು ಮತ್ತೆ ಹೇಳುವ ಅಗತ್ಯ ನಿಜವಾಗಿಯೂ ಇದೆಯಾ?

ಉತ್ತರ:

ಇಲ್ಲ. ನಿಮಗೆ ಬೇಕಾದ ಉತ್ತರ ಇಷ್ಟೇ ಆಗಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಆದರೆ ಅಕ್ಕನ ಮಗನ ವಿಷಯ ತಂದು ನೀವೇ ಪ್ರಶ್ನೆಯನ್ನು ಕಷ್ಟ ಮಾಡಿದ್ದೀರಿ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ನಿಮ್ಮ ಬೋರಿನ ಬಗ್ಗೆ. ಗೊತ್ತಿರುವ ಕಥೆ ಅಂತ ಬೋರಾಯಿತು ಅನ್ನುತ್ತೀರಿ. ನನಗೆ ಹಾಗನ್ನಿಸುವುದಿಲ್ಲ. ಇಷ್ಟಪಟ್ಟ ಸಿನಿಮಾವನ್ನು ನೀವು ನಾಲ್ಕೈದು ಸಲ ನೋಡಿರುತ್ತೀರಿ, ಆಗ ಬೋರಾಗಲಿಲ್ಲ ಅಲ್ವಾ? ಸಿಟ್ಟು ಬರುವುದು ಕಾಯಿಸಿದಾಗ. ಈ ಹುಡುಗ ಕೊನೆಗೆ ಗೋಡೆ ಹತ್ತುತ್ತಾನೆ ಅಂತ ನಿಮಗೆ ಗೊತ್ತು. ಪೋಸ್ಟರಿನಲ್ಲಿ ಹತ್ತಿದ್ದಾನೆ, ಟ್ರೇಲರಿನಲ್ಲೂ ಹತ್ತಿದ್ದಾನೆ. ಆದರೂ ಸಿನಿಮಾ ಮಾತ್ರ ನಿಮಗೆ ಏನೂ ಗೊತ್ತಿಲ್ಲ ಅನ್ನುವ ಹಾಗೆ ನಲವತ್ತು ನಿಮಿಷ ನಾಟಕ ಆಡುತ್ತದೆ. ಹುಡುಗ ಕೈ ನೋಡಿಕೊಳ್ಳುತ್ತಾನೆ, ಬೆರಳು ಅಂಟಿಕೊಳ್ಳುತ್ತದೆ, ಅವನಿಗೆ ಆಶ್ಚರ್ಯ. ನೀವು ವಾಚ್ ನೋಡಿಕೊಳ್ಳುತ್ತೀರಿ.

ಹೀಗೆ ಹುಟ್ಟಿನ ಕಥೆಯನ್ನು ಮುಂದಿಟ್ಟು ಕಾಯಿಸುವ ಪದ್ಧತಿ ಕಾಮಿಕ್ಸಿನಿಂದಲೇ ಬಂತು ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡಿದ್ದು 1938ರಲ್ಲಿ, 'ಆ್ಯಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ. ಅವನ ಹುಟ್ಟಿಗೆ ಅಲ್ಲಿ ಸಿಕ್ಕಿದ್ದು ಒಂದೇ ಪುಟ. ಗ್ರಹ ನಾಶವಾಗುತ್ತದೆ, ಮಗು ಭೂಮಿಗೆ ಬರುತ್ತದೆ, ದಾರಿಯಲ್ಲಿ ಹೋಗುತ್ತಿದ್ದ ಯಾರೋ ಒಬ್ಬ ಅದನ್ನು ಅನಾಥಾಲಯಕ್ಕೆ ಸೇರಿಸುತ್ತಾನೆ. ಮುಂದಿನ ಪುಟದಲ್ಲಿ ಸೂಪರ್‌ಮ್ಯಾನ್ ಕೆಲಸಕ್ಕೆ ಇಳಿದಾಗಿದೆ. ಈಗ ನಾವು ಅವನ ಕಥೆಯ ಪ್ರಾಣ ಅಂದುಕೊಂಡಿರುವ ಸಾಕು ತಂದೆ ತಾಯಿ ಆ ಪುಟದಲ್ಲಿ ಇಲ್ಲವೇ ಇಲ್ಲ. ಅವರನ್ನು ಆಮೇಲೆ ಸೇರಿಸಿದ್ದು.

ಬ್ಯಾಟ್‌ಮ್ಯಾನ್ ವಿಷಯ ಇನ್ನೂ ಮಜವಾಗಿದೆ. 1939ರ ಮೇ ತಿಂಗಳಲ್ಲಿ 'ಡಿಟೆಕ್ಟಿವ್ ಕಾಮಿಕ್ಸ್' 27ನೇ ಸಂಚಿಕೆಯಲ್ಲಿ ಬಂದವನು, ತಾನು ಯಾಕೆ ಬಾವಲಿ ವೇಷ ಹಾಕಿದೆ ಅಂತ ಹೇಳಿದ್ದು 33ನೇ ಸಂಚಿಕೆಯಲ್ಲಿ, ನವೆಂಬರಿನಲ್ಲಿ. ಅದೂ ಎರಡು ಪುಟದಲ್ಲಿ. ಅಂದರೆ ಆರು ತಿಂಗಳು ಓದುಗರು ಇವನ ಹಿನ್ನೆಲೆ ಏನೂ ಗೊತ್ತಿಲ್ಲದೆ ಖುಷಿಯಾಗಿ ಓದಿಕೊಂಡಿದ್ದರು. ಯಾರೂ ಗೊಂದಲಪಟ್ಟು ಪುಸ್ತಕ ಕೆಳಗಿಡಲಿಲ್ಲ. 1962ರಲ್ಲಿ ಬಂದ ಸ್ಪೈಡರ್‌ಮ್ಯಾನ್ ಮಾತ್ರ ಹುಟ್ಟಿನ ಕಥೆಯಿಂದಲೇ ಶುರುವಾದ. ಆದರೆ ಆ ಇಡೀ ಕಥೆ ಇರುವುದು ಹನ್ನೊಂದು ಪುಟ. ಜೇಡ, ಕುಸ್ತಿ, ಟೀವಿ, ಕಳ್ಳ, ಚಿಕ್ಕಪ್ಪನ ಸಾವು, ಪಶ್ಚಾತ್ತಾಪ, ಎಲ್ಲಾ ಅಷ್ಟರಲ್ಲೇ. ಇನ್ನೊಂದು ವಿಷಯ. ದೊಡ್ಡ ಶಕ್ತಿಯ ಜೊತೆ ದೊಡ್ಡ ಜವಾಬ್ದಾರಿಯೂ ಬರುತ್ತದೆ ಅನ್ನುವ ಆ ಪ್ರಸಿದ್ಧ ಮಾತನ್ನು ಅಲ್ಲಿ ಚಿಕ್ಕಪ್ಪ ಹೇಳುವುದೇ ಇಲ್ಲ. ಅದು ಕೊನೆಯ ಚಿತ್ರದ ಮೇಲೆ ನಿರೂಪಕ ಹೇಳುವ ಮಾತು. ಚಿಕ್ಕಪ್ಪನ ಬಾಯಿಗೆ ಅದು ಬಂದಿದ್ದು ಆಮೇಲೆ.

ಹಾಗಾದರೆ ಒಂದು ಪುಟದ್ದು ಒಂದು ಗಂಟೆ ಆಗಿದ್ದು ಯಾವಾಗ? 1978ರಲ್ಲಿ ರಿಚರ್ಡ್ ಡಾನರ್ ನಿರ್ದೇಶಿಸಿದ 'ಸೂಪರ್‌ಮ್ಯಾನ್' ಬಂತು. ಅದರಲ್ಲಿ ಮೊದಲು ಅವನು ಹುಟ್ಟಿದ ಕ್ರಿಪ್ಟಾನ್ ಗ್ರಹ, ಹೆತ್ತ ತಂದೆಯಾಗಿ ಮಾರ್ಲನ್ ಬ್ರ್ಯಾಂಡೊ, ಆಮೇಲೆ ಹಳ್ಳಿ, ಹೊಲ, ಶಾಲೆ. ನಾಯಕ ನಟ ಕ್ರಿಸ್ಟೋಫರ್ ರೀವ್ ಸೂಪರ್‌ಮ್ಯಾನ್ ಉಡುಪು ತೊಟ್ಟು ಮೊದಲ ಸಲ ಕಾಣಿಸಿಕೊಳ್ಳುವ ಹೊತ್ತಿಗೆ ಸುಮಾರು ಮುಕ್ಕಾಲು ಗಂಟೆ ಕಳೆದಿರುತ್ತದೆ. ಆಗ ಅದಕ್ಕೆ ಕಾರಣ ಇತ್ತು. ಸೂಪರ್‌ಹೀರೋ ಅಂದರೆ ಮಕ್ಕಳಾಟ ಅಂತ ನಗುತ್ತಿದ್ದ ಕಾಲ ಅದು. ಇದನ್ನು ಗಂಭೀರವಾಗಿ ತಗೊಳ್ಳಿ ಅಂತ ದೊಡ್ಡವರನ್ನು ಒಪ್ಪಿಸಬೇಕಿತ್ತು. ಆ ಮುಕ್ಕಾಲು ಗಂಟೆ ಆ ಕೆಲಸ ಮಾಡಿತು. ಸಾಕು ತಂದೆ ಹೃದಯಾಘಾತದಿಂದ ಕುಸಿದಾಗ, ಇಷ್ಟೆಲ್ಲ ಶಕ್ತಿ ಇದ್ದೂ ಅಪ್ಪನನ್ನು ಉಳಿಸಿಕೊಳ್ಳಲಾಗಲಿಲ್ಲ ಅಂತ ಹುಡುಗ ನಿಲ್ಲುತ್ತಾನಲ್ಲ, ಆ ದೃಶ್ಯ ನನಗೆ ಈಗಲೂ ಹಳತಾಗಿಲ್ಲ. ಎಡವಟ್ಟಾಗಿದ್ದು ಆಮೇಲೆ. ಆ ಒಂದು ಸಿನಿಮಾಕ್ಕೆ ಬೇಕಾಗಿದ್ದನ್ನು ಮುಂದಿನವರು ನಿಯಮ ಅಂದುಕೊಂಡರು.

ಬರೆಯುವವರಿಗೆ ಈ ನಿಯಮ ಯಾಕೆ ಇಷ್ಟ ಅಂತಲೂ ಹೇಳಬೇಕು. ನಾನು ಚಿತ್ರಕಥೆ ಓದಿ ತಿದ್ದುವ ಕೆಲಸ ಮಾಡುವವನು, ಈ ಆಸೆ ನನಗೆ ಚೆನ್ನಾಗಿ ಗೊತ್ತು. ಸೂಪರ್‌ಹೀರೋ ಬದುಕಿನಲ್ಲಿ ಅವನು ನಿಜವಾಗಿ ಬದಲಾಗುವುದು ಒಂದೇ ಸಲ, ಹೀರೋ ಆಗುವಾಗ. ಅದಕ್ಕಿಂತ ಮುಂಚೆ ಅವನೊಬ್ಬ, ಆಮೇಲೆ ಇನ್ನೊಬ್ಬ. ಎರಡು ಗಂಟೆ ಸಿನಿಮಾಕ್ಕೆ ಇದಕ್ಕಿಂತ ಸಲೀಸಾದ ಏಣಿ ಸಿಗುವುದಿಲ್ಲ. ಹೀರೋ ಆದ ಮೇಲೆ ಅವನನ್ನು ಜಾಸ್ತಿ ಬದಲಾಯಿಸುವ ಹಾಗಿಲ್ಲ. ಮುಂದಿನ ಭಾಗ ಇದೆ, ಆಟಿಕೆ ಮಾರಬೇಕು, ಮೂರು ವರ್ಷ ಬಿಟ್ಟು ಬಂದ ಪ್ರೇಕ್ಷಕನಿಗೆ ಅವನು ಅದೇ ಮನುಷ್ಯನಾಗಿ ಕಾಣಬೇಕು. ಆದ್ದರಿಂದ ಎರಡನೇ ಕಥೆ ಬರೆಯುವುದು ಯಾವಾಗಲೂ ಕಷ್ಟ. ಕಷ್ಟ ಬೇಡ ಅನ್ನಿಸಿದರೆ ಹೊಸ ನಟನನ್ನು ತಂದು ಮೊದಲನೇ ಕಥೆಯನ್ನೇ ಮತ್ತೆ ಬರೆಯಬಹುದು. ನಮ್ಮಲ್ಲಿ ಇದಕ್ಕೊಂದು ಮಾತಿದೆಯಲ್ಲ, ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅಂತ. ದಾಸನನ್ನು ಪೂರ್ತಿ ಬೈಯಬೇಡಿ. ಅವನಿಗೆ ಬಾಯಿಪಾಠ ಆಗಿರುವುದು ಅದೊಂದೇ ಹಾಡು.

ಈಗ ಮುಖ್ಯ ವಿಷಯಕ್ಕೆ ಬರೋಣ. ಹುಟ್ಟಿನ ಕಥೆ ಅಂತ ನಾವು ಕರೆಯುವುದರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಅಂಟಿಕೊಂಡಿವೆ. ಇವನಿಗೆ ಏನಾಯಿತು ಅನ್ನುವುದು ಒಂದು. ಇವನು ಯಾಕೆ ಇದನ್ನು ಮಾಡುತ್ತಿದ್ದಾನೆ ಅನ್ನುವುದು ಇನ್ನೊಂದು. ಜೇಡ, ಗಾಮಾ ಕಿರಣ, ಬಾಹ್ಯಾಕಾಶ ನೌಕೆ, ಇವೆಲ್ಲ ಮೊದಲನೆಯದು. ಇವನ್ನು ಒಂದು ಸಾಲಿನಲ್ಲಿ ಮುಗಿಸಬಹುದು, ಬಿಟ್ಟರೂ ನಡೆಯುತ್ತದೆ. ಎರಡನೆಯದನ್ನು ಬಿಡಲಾಗುವುದಿಲ್ಲ. ರಾತ್ರಿ ನಿದ್ದೆ ಬಿಟ್ಟು, ಮೈ ಮುರಿಸಿಕೊಂಡು, ಯಾರೂ ಕೇಳದಿದ್ದರೂ ಈ ಕೆಲಸ ಮಾಡುವವನ ಒಳಗೆ ಏನಿದೆ? ಅದು ಪ್ರತಿ ಸಿನಿಮಾದಲ್ಲೂ ಕಾಣಬೇಕು. ಹಾಗಂತ ಅದನ್ನು ತೋರಿಸಲು ಹಿಂದಕ್ಕೇ ಹೋಗಬೇಕು ಅಂತೇನಿಲ್ಲ.

ಸ್ಪೈಡರ್‌ಮ್ಯಾನ್ ಸಿನಿಮಾಗಳನ್ನು ಸಾಲಾಗಿ ಇಟ್ಟು ನೋಡಿದರೆ ಇದು ಚೆನ್ನಾಗಿ ಕಾಣುತ್ತದೆ. 2002ರಲ್ಲಿ ಸ್ಯಾಮ್ ರೈಮಿ ಹುಟ್ಟಿನ ಕಥೆ ಪೂರ್ತಿ ಹೇಳಿದರು. ಅದು ದೊಡ್ಡ ಪರದೆಗೆ ಹೊಸದು, ಯಾರೂ ತಕರಾರು ಮಾಡಲಿಲ್ಲ. ಹತ್ತೇ ವರ್ಷಕ್ಕೆ, 2012ರಲ್ಲಿ, ಆ್ಯಂಡ್ರೂ ಗಾರ್ಫೀಲ್ಡ್ ಬಂದಾಗ ಮತ್ತೆ ಜೇಡ ಕಚ್ಚಿತು, ಚಿಕ್ಕಪ್ಪ ಮತ್ತೆ ಸತ್ತ. ಅದರಲ್ಲಿ ಒಂದು ಪಾಪದ ಸಂಗತಿ ಇದೆ. ಆ ಪ್ರಸಿದ್ಧ ವಾಕ್ಯವನ್ನು ಹಾಗೇ ಹೇಳಿದರೆ ಹಳೆಯದಾಗುತ್ತದೆ ಅಂತ ಭಯ, ಬಿಟ್ಟರೆ ಜನ ಬೈಯುತ್ತಾರೆ ಅಂತಲೂ ಭಯ. ಕೊನೆಗೆ ಚಿಕ್ಕಪ್ಪ ಅದೇ ಅರ್ಥವನ್ನು ಬೇರೆ ಮಾತಿನಲ್ಲಿ ಸುತ್ತಿ ಬಳಸಿ ಹೇಳುತ್ತಾನೆ. ಗಾರ್ಫೀಲ್ಡ್ ಒಳ್ಳೆಯ ನಟ, ಆ ಸಿನಿಮಾದಲ್ಲಿ ಚಂದದ ದೃಶ್ಯಗಳೂ ಇವೆ. ಆದರೆ ಮೊದಲ ಅರ್ಧದಲ್ಲಿ ಸಿನಿಮಾ ತನ್ನ ಹಿಂದಿನ ಸಿನಿಮಾದ ಜೊತೆ ಕುಸ್ತಿ ಆಡುತ್ತಿರುತ್ತದೆ, ಖಳನ ಜೊತೆ ಅಲ್ಲ.

ನಾಲ್ಕು ವರ್ಷ ಬಿಟ್ಟು, 2016ರ 'ಕ್ಯಾಪ್ಟನ್ ಅಮೆರಿಕಾ: ಸಿವಿಲ್ ವಾರ್'ನಲ್ಲಿ ಹೊಸ ಸ್ಪೈಡರ್‌ಮ್ಯಾನ್ ಆಗಿ ಟಾಮ್ ಹಾಲೆಂಡ್ ಬಂದ. ಅವನಿಗೆ ಸಿಕ್ಕಿದ್ದು ಒಂದು ಸಣ್ಣ ಮಲಗುವ ಕೋಣೆ, ಕೆಲವೇ ನಿಮಿಷ. ಟೋನಿ ಸ್ಟಾರ್ಕ್, ಅಂದರೆ ಐರನ್ ಮ್ಯಾನ್, ಮನೆಗೆ ಬಂದಿದ್ದಾನೆ. ಹುಡುಗ ಅಡಗಿಸಿಟ್ಟಿದ್ದ ಮನೆಯಲ್ಲೇ ಹೊಲಿದ ಉಡುಪು ಮೇಲಿನಿಂದ ಕೆಳಗೆ ಬೀಳುತ್ತದೆ, ಗುಟ್ಟು ರಟ್ಟು. ಯಾಕೆ ಮಾಡುತ್ತೀಯ ಇದನ್ನ ಅಂತ ಟೋನಿ ಕೇಳುತ್ತಾನೆ. ಹುಡುಗ ತಡವರಿಸುತ್ತಾನೆ. ನನ್ನಿಂದ ಆಗುವುದನ್ನು ನಾನು ಮಾಡದೆ ಇದ್ದು, ಆಮೇಲೆ ಕೆಟ್ಟದ್ದು ನಡೆದರೆ, ಅದು ನನ್ನಿಂದಲೇ ನಡೆದ ಹಾಗೆ, ಇಷ್ಟೇ ಅವನ ಮಾತಿನ ಸಾರ. ಚಿಕ್ಕಪ್ಪನ ಹೆಸರಿಲ್ಲ. ಜೇಡ ಕಾಣಿಸುವುದೇ ಇಲ್ಲ. ಹೇಳುವಾಗ ಅವನು ಟೋನಿಯ ಮುಖ ನೋಡುವುದಿಲ್ಲ, ಏನೋ ನುಂಗಿಕೊಳ್ಳುತ್ತಾನೆ. ಟೋನಿಗೆ ಅರ್ಥವಾಗುತ್ತದೆ. ನಾನಿಲ್ಲಿ ಕೂರಬೇಕು, ಕಾಲು ತೆಗಿ ಅಂತ ಹುಡುಗನ ಪಕ್ಕ ಹಾಸಿಗೆ ಮೇಲೆ ಕೂರುತ್ತಾನೆ. ಹಳೆಯ ಕಥೆ ಗೊತ್ತಿದ್ದವರಿಗೆ ಗಂಟಲು ಬಿಗಿಯುತ್ತದೆ. ಗೊತ್ತಿಲ್ಲದವರಿಗೂ ಈ ಹುಡುಗನಿಗೆ ಏನೋ ಆಗಿದೆ, ಅದನ್ನು ಅವನು ಹೇಳಲು ತಯಾರಿಲ್ಲ ಅಂತ ತಿಳಿಯುತ್ತದೆ. ಅಷ್ಟು ಸಾಕು.

ಮುಂದೆ ಆಗಿದ್ದು ಇನ್ನೂ ಚೆಂದ. 2017, 2019ರ ಅವನ ಎರಡು ಸಿನಿಮಾಗಳಲ್ಲಿ ಹುಟ್ಟಿನ ಕಥೆ ಇಲ್ಲ. ಇದೇನು, ಈ ಸ್ಪೈಡರ್‌ಮ್ಯಾನ್‌ಗೆ ದುಃಖವೇ ಇಲ್ಲವಾ ಅಂತ ಹಳೆಯ ಅಭಿಮಾನಿಗಳು ಗೊಣಗಿದರು. ನಾನೂ ಸ್ವಲ್ಪ ಗೊಣಗಿದ್ದೆ. 2021ರ ಡಿಸೆಂಬರಿನಲ್ಲಿ 'ನೋ ವೇ ಹೋಮ್' ಬಂತು. ಆ ಪ್ರಸಿದ್ಧ ವಾಕ್ಯ ಅಲ್ಲಿ ಮೇ ಚಿಕ್ಕಮ್ಮನ ಬಾಯಿಂದ ಬರುತ್ತದೆ, ಅವಳು ಸಾಯುವ ಸ್ವಲ್ಪ ಮುಂಚೆ. ಸಿನಿಮಾ ಮುಗಿಯುವ ಹೊತ್ತಿಗೆ ಅವನನ್ನು ಗುರುತಿಸುವವರು ಜಗತ್ತಿನಲ್ಲಿ ಯಾರೂ ಉಳಿದಿಲ್ಲ. ಒಂದು ಪುಟ್ಟ ಬಾಡಿಗೆ ಕೋಣೆ, ಹೊಲಿಗೆ ಯಂತ್ರ, ತಾನೇ ಹೊಲಿದ ಉಡುಪು. ಅಂದರೆ ಬೇರೆಯವರು ಮೊದಲ ಅರ್ಧ ಗಂಟೆಯಲ್ಲಿ ಮುಗಿಸಿದ್ದನ್ನು ಇವರು ಮೂರು ಸಿನಿಮಾದ ಕೊನೆಗೆ ಇಟ್ಟಿದ್ದರು. ಹುಟ್ಟಿನ ಕಥೆ ಬಿಟ್ಟಿದ್ದಾರೆ ಅಂದುಕೊಂಡು ನಾವು ಐದು ವರ್ಷ ಹುಟ್ಟಿನ ಕಥೆಯನ್ನೇ ನೋಡುತ್ತಿದ್ದೆವು.

ಬ್ಯಾಟ್‌ಮ್ಯಾನ್‌ಗೆ ಬಂದರೆ ಆ ಗಲ್ಲಿ. ಸಿನಿಮಾ ಬಿಟ್ಟು ಬರುವ ಅಪ್ಪ, ಅಮ್ಮ, ಮಗ. ಗನ್ನು. ಹರಿದು ಚೆಲ್ಲುವ ಮುತ್ತಿನ ಸರ. ಆ ಮುತ್ತುಗಳು ನಮ್ಮ ತಲೆಯಲ್ಲಿ ಅಚ್ಚಾಗಿದ್ದು 1986ರಲ್ಲಿ ಫ್ರ್ಯಾಂಕ್ ಮಿಲ್ಲರ್ ಬರೆದ ಕಾಮಿಕ್ಸಿನಿಂದ. ಆಮೇಲೆ ಎಷ್ಟು ಮುತ್ತು ಉರುಳಿದವೋ ಲೆಕ್ಕ ಇಲ್ಲ. 2016ರಲ್ಲಿ ಉರುಳಿದವು, 2019ರಲ್ಲಿ ಖಳನಾಯಕ ಜೋಕರ್‌ನ ಸಿನಿಮಾದಲ್ಲೂ ಉರುಳಿದವು.

ಆದರೆ 1989ರಲ್ಲಿ ಟಿಮ್ ಬರ್ಟನ್ ಒಂದು ತುಂಟತನ ಮಾಡಿದರು. ಸಿನಿಮಾ ಶುರುವಾಗುತ್ತಲೇ ಅಪ್ಪ, ಅಮ್ಮ, ಮಗ ರಾತ್ರಿ ದಾರಿ ತಪ್ಪಿ ಗಲ್ಲಿಗೆ ನುಗ್ಗುತ್ತಾರೆ. ಕಳ್ಳರು ಬರುತ್ತಾರೆ. ಓಹೋ, ಶುರುವಾಯಿತು ಅಂದುಕೊಳ್ಳುತ್ತೀರಿ. ನೋಡಿದರೆ ಇವರು ಯಾರೋ ಬೇರೆ ಮೂವರು. ಕಳ್ಳರು ಮಾಳಿಗೆ ಮೇಲೆ ಕೂತು ದುಡ್ಡು ಎಣಿಸುವಾಗ ಬ್ಯಾಟ್‌ಮ್ಯಾನ್ ಅಲ್ಲಿಗೆ ಇಳಿಯುತ್ತಾನೆ. ನಿಮಗೆ ಕಥೆ ಗೊತ್ತು ಅನ್ನುವುದು ಸಿನಿಮಾಕ್ಕೂ ಗೊತ್ತು. ಆ ಗೊತ್ತಿರುವುದನ್ನೇ ಬಳಸಿಕೊಂಡು ನಿಮ್ಮನ್ನು ಏಮಾರಿಸುತ್ತದೆ. ಗೊತ್ತಿಲ್ಲದವನಿಗೂ ನಷ್ಟವಿಲ್ಲ, ಅವನಿಗೆ ಅದು ಒಂದು ದರೋಡೆ, ಒಬ್ಬ ಹೀರೋ. ನನ್ನ ಪ್ರಕಾರ ಹಳೆಯ ಕಥೆಯನ್ನು ಹೀಗೆ ಮುಟ್ಟಬೇಕು. ಅದೇ ಸಿನಿಮಾ ಕೊನೆಗೆ, ಅಪ್ಪ ಅಮ್ಮನನ್ನು ಕೊಂದವನೇ ಜೋಕರ್ ಅಂತ ಗಂಟು ಹಾಕಿ ಆ ಖುಷಿಯನ್ನು ಸ್ವಲ್ಪ ಕಳೆಯುತ್ತದೆ. ಇರಲಿ.

2005ರ 'ಬ್ಯಾಟ್‌ಮ್ಯಾನ್ ಬಿಗಿನ್ಸ್' ನಿಮ್ಮ ವಾದಕ್ಕೆ ಸರಿಯಾದ ಎದುರೇಟು. ಪೂರ್ತಿ ಹುಟ್ಟಿನ ಕಥೆ. ಅವನು ಉಡುಪು ಹಾಕುವುದಕ್ಕೆ ಸುಮಾರು ಒಂದು ಗಂಟೆ ಬೇಕು. ಆದರೂ ಯಾಕೆ ಕಾಯಿಸಿದ ಹಾಗೆ ಅನ್ನಿಸುವುದಿಲ್ಲ? ಕ್ರಿಸ್ಟೋಫರ್ ನೋಲನ್ ಗಲ್ಲಿಯನ್ನು ದಾಟಿ ಅದರ ಮುಂದಿನ ಖಾಲಿ ಜಾಗಕ್ಕೆ ಹೋದರು. ಹುಡುಗ ಅನಾಥನಾದ ದಿನಕ್ಕೂ ಮುಖವಾಡ ಹಾಕಿದ ದಿನಕ್ಕೂ ನಡುವಿನ ವರ್ಷಗಳನ್ನು ಅಲ್ಲಿಯವರೆಗೆ ಹೆಚ್ಚಿನ ಸಿನಿಮಾಗಳು ನೆಟ್ಟಗೆ ತೋರಿಸಿರಲಿಲ್ಲ. ಜೊತೆಗೆ ಭಯ ಅನ್ನುವುದನ್ನು ಇಡೀ ಸಿನಿಮಾಕ್ಕೆ ಹರಡಿದರು. ಹುಡುಗನಿಗೆ ಬಾವಲಿ ಕಂಡರೆ ಭಯ. ಭಯ ಆಗಿದ್ದಕ್ಕೇ ಅವನು ನಾಟಕ ಬಿಟ್ಟು ಹೊರಡೋಣ ಅಂದ, ಅದಕ್ಕೇ ಅವರು ಆ ಗಲ್ಲಿಗೆ ಬಂದರು. ಖಳನ ಆಯುಧವೂ ಭಯ ಹುಟ್ಟಿಸುವ ವಿಷವೇ. ಮೊದಲಿನ ಕಥೆ ಕೊನೆಯ ಹೊಡೆದಾಟಕ್ಕೆ ಬೇಕೇ ಬೇಕು. ತೆಗೆದರೆ ಸಿನಿಮಾ ಕುಸಿಯುತ್ತದೆ. 

ಕೈಗೆ ಬಂದ ಚಿತ್ರಕಥೆಗೆ ನಾನು ಇಡುವ ಪರೀಕ್ಷೆಯೂ ಇದೇ. ಹುಟ್ಟಿನ ಕಥೆಯ ಪುಟಗಳನ್ನು ಕಿತ್ತು ಪಕ್ಕಕ್ಕಿಡುತ್ತೇನೆ. ಉಳಿದದ್ದು ನಿಂತರೆ ಆ ಪುಟ ವಾಪಸ್ ಹೋಗುವುದಿಲ್ಲ. ಎಷ್ಟೋ ಸಲ ಬರೆದವರು ಮುಖ ಊದಿಸಿಕೊಂಡಿದ್ದಾರೆ.

2022ರಲ್ಲಿ ಮ್ಯಾಟ್ ರೀವ್ಸ್ ಮಾಡಿದ 'ದಿ ಬ್ಯಾಟ್‌ಮ್ಯಾನ್' ಮೂರು ಗಂಟೆಗೆ ನಾಲ್ಕೇ ನಿಮಿಷ ಕಮ್ಮಿ. ಅಷ್ಟು ಉದ್ದದಲ್ಲಿ ಎಲ್ಲೂ ಆ ಗಲ್ಲಿ ಇಲ್ಲ. ಬ್ಯಾಟ್‌ಮ್ಯಾನ್ ಕೆಲಸ ಶುರು ಮಾಡಿ ಆಗಲೇ ಎರಡನೇ ವರ್ಷ. ಮೇಯರ್ ಕೊಲೆಯಾಗಿದೆ, ಮನೆ ತುಂಬಾ ಪೊಲೀಸರು. ಹೆಣವನ್ನು ಮೊದಲು ಕಂಡಿದ್ದು ಮೇಯರ್‌ನ ಮಗ, ಇನ್ನೂ ಚಿಕ್ಕವನು. ಆ ಗದ್ದಲದಲ್ಲಿ ಬ್ಯಾಟ್‌ಮ್ಯಾನ್ ಆ ಹುಡುಗನನ್ನು ನೋಡುತ್ತಾನೆ. ಮಾತಿಲ್ಲ. ಮುಖವಾಡದ ಒಳಗಿನ ಎರಡು ಕಣ್ಣು ಒಂದು ಕ್ಷಣ ಜಾಸ್ತಿ ನಿಲ್ಲುತ್ತವೆ, ಅಷ್ಟೇ. ಆಮೇಲೆ ಶವಸಂಸ್ಕಾರದಲ್ಲಿ ಮತ್ತೆ ಅದೇ ಹುಡುಗ, ಮತ್ತೆ ಅದೇ ನೋಟ. ಕಾರು ನುಗ್ಗಿ ಬಂದಾಗ ಅವನು ಹಾರಿ ಉಳಿಸುವುದೂ ಆ ಹುಡುಗನನ್ನೇ. ಗಲ್ಲಿ ತೋರಿಸಿದ್ದರೆ ಅದು ಇಪ್ಪತ್ತು ವರ್ಷದ ಹಿಂದಿನ ಗಾಯ ಆಗುತ್ತಿತ್ತು. ಇಲ್ಲಿ ಅದು ಇವತ್ತಿನದು. ನನಗೆ ಆ ಸಿನಿಮಾ ಸ್ವಲ್ಪ ಉದ್ದ ಅನ್ನಿಸಿತ್ತು, ಆದರೆ ಈ ಒಂದು ನಿರ್ಧಾರಕ್ಕೆ ಎಷ್ಟು ಚಪ್ಪಾಳೆ ಹೊಡೆದರೂ ಕಮ್ಮಿ.

ಹುಟ್ಟಿನ ಕಥೆ ಹೇಳಿ ಪಾತ್ರವನ್ನೇ ಕೆಡಿಸಿದ್ದೂ ಉಂಟು. ಋಷಿಮೂಲ, ನದಿಮೂಲ ಹುಡುಕಬಾರದು ಅನ್ನುತ್ತಾರಲ್ಲ, ಆ ಸಾಲಿಗೆ ಕೈಯಿಂದ ಉಗುರು ಹೊರಬರುವ ವುಲ್ವರೀನ್‌ನನ್ನೂ ಸೇರಿಸಬಹುದು. 1974ರಲ್ಲಿ ಕಾಮಿಕ್ಸಿಗೆ ಬಂದವನ ಬಾಲ್ಯ ಏನು ಅಂತ ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಕಾಲ ಗುಟ್ಟಾಗೇ ಇತ್ತು. ಅವನಿಗೇ ನೆನಪಿಲ್ಲ, ಅದೇ ಅವನ ಆಕರ್ಷಣೆ. 2000ದ 'ಎಕ್ಸ್-ಮೆನ್'ನಲ್ಲಿ ಪಕ್ಕದಲ್ಲಿ ಕೂತ ಹುಡುಗಿ, ಆ ಉಗುರು ಹೊರಗೆ ಬರುವಾಗ ನೋವಾಗುತ್ತಾ ಅಂತ ಕೇಳುತ್ತಾಳೆ. ಪ್ರತಿ ಸಲವೂ ಅನ್ನುತ್ತಾನೆ. ಆ ಒಂದು ಉತ್ತರದಲ್ಲಿ ಮನುಷ್ಯ ಪೂರ್ತಿ ಸಿಕ್ಕಿಬಿಡುತ್ತಾನೆ. 2009ರಲ್ಲಿ ಅವನ ಮೂಲ ಹೇಳುವುದಕ್ಕೇ ಒಂದು ಸಿನಿಮಾ ಮಾಡಿದರು. ಆ ಚರ್ಮದ ಜಾಕೆಟ್ ಯಾರು ಕೊಟ್ಟರು ಅನ್ನುವುದಕ್ಕೂ ಅದರಲ್ಲಿ ಉತ್ತರ ಇದೆ. ಯಾರಾದರೂ ಕೇಳಿದ್ದರಾ? 'ದಿ ಡಾರ್ಕ್ ನೈಟ್'ನ ಜೋಕರ್ ಇದಕ್ಕೆ ಪೂರ್ತಿ ಉಲ್ಟಾ. ತನ್ನ ಬಾಯಿಯ ಗಾಯದ ಕಥೆಯನ್ನು ಒಬ್ಬರಿಗೆ ಒಂದು ಥರ, ಇನ್ನೊಬ್ಬರಿಗೆ ಇನ್ನೊಂದು ಥರ ಹೇಳುತ್ತಾನೆ. ಎರಡನೇ ಸಲ ಕೇಳಿದಾಗಲೇ ನಮಗೆ ನಿಜವಾದ ಭಯ ಹುಟ್ಟುವುದು.

ಸೂಪರ್‌ಹೀರೋ ಪಟ್ಟಿಯ ಹೊರಗಿನ ಜೇಮ್ಸ್ ಬಾಂಡ್‌ನನ್ನೂ ಒಂದು ಸಲ ನೆನಪಿಸಿಕೊಳ್ಳಿ. 1962ರಲ್ಲಿ ಇಸ್ಪೀಟ್ ಮೇಜಿನ ಮುಂದೆ ಕೂತು ಹೆಸರು ಹೇಳಿದ, ಅಷ್ಟೇ ಪರಿಚಯ. ಅವನು ಬಾಂಡ್ ಆಗಿದ್ದು ಹೇಗೆ ಅಂತ ಸಿನಿಮಾ ಹೇಳಿದ್ದು 2006ರಲ್ಲಿ. ನಡುವೆ ನಟರು ಒಬ್ಬರ ಹಿಂದೆ ಒಬ್ಬರು ಬದಲಾದರು, ಯಾರೂ ಹೊಸದಾಗಿ ಹುಟ್ಟಬೇಕಾಗಲಿಲ್ಲ.

ಹಾಗಾದರೆ ಯಾವಾಗ ಹೇಳಲೇಬೇಕು? ಪಾತ್ರ ಹೊಸದಾಗಿದ್ದರೆ ಹೇಳಬೇಕು, ಅದರಲ್ಲಿ ಚರ್ಚೆ ಇಲ್ಲ. 2008ರಲ್ಲಿ ಐರನ್ ಮ್ಯಾನ್ ಯಾರು ಅಂತ ಕಾಮಿಕ್ಸ್ ಓದದವರಿಗೆ ಅಷ್ಟಾಗಿ ಗೊತ್ತಿರಲಿಲ್ಲ. 1963ರ ಮೂಲ ಕಥೆಯಲ್ಲಿ ಅವನು ಸಿಕ್ಕಿಬೀಳುವುದು ವಿಯೆಟ್ನಾಂನಲ್ಲಿ. ಸಿನಿಮಾ ಅದನ್ನು ಅಫ್ಘಾನಿಸ್ತಾನದ ಗುಹೆಗೆ ತಂದಿತು, ತಾನೇ ಮಾರಿದ ಆಯುಧ ತನ್ನ ಎದೆಗೇ ಚುಚ್ಚುವ ಹಾಗೆ ಮಾಡಿತು. ಅದೇ ವರ್ಷ ಹಲ್ಕ್ ಸಿನಿಮಾವೂ ಬಂತು. ಐದು ವರ್ಷದ ಹಿಂದೆ, 2003ರಲ್ಲಿ, ಹಲ್ಕ್‌ನ ಹುಟ್ಟನ್ನು ನಿಧಾನವಾಗಿ ಹೇಳಿಯಾಗಿತ್ತು. ಹಾಗಾಗಿ ಇವರು ಅದನ್ನು ಟೈಟಲ್ ಕಾರ್ಡುಗಳ ಮಧ್ಯೆ ಮುಗಿಸಿ ಕಥೆಗೆ ಇಳಿದರು. ಒಂದೇ ಬೇಸಿಗೆ, ಎರಡು ಬೇರೆ ತೀರ್ಮಾನ, ಎರಡೂ ಸರಿ.

2018ರ ಆ್ಯನಿಮೇಷನ್ 'ಸ್ಪೈಡರ್‌ಮ್ಯಾನ್: ಇನ್‌ಟು ದಿ ಸ್ಪೈಡರ್-ವರ್ಸ್' ಒಂದೇ ಸಿನಿಮಾದೊಳಗೆ ಎರಡನ್ನೂ ಮಾಡಿತು. ಹಳೆಯ ಸ್ಪೈಡರ್‌ಮ್ಯಾನ್ ಪೀಟರ್ ಪಾರ್ಕರ್, ಇದನ್ನು ಕೊನೇ ಸಲ ಹೇಳಿಬಿಡೋಣ ಅನ್ನುವ ಧಾಟಿಯಲ್ಲಿ ಒಂದೆರಡು ನಿಮಿಷದೊಳಗೆ ತನ್ನ ಕಥೆ ಒದರುತ್ತಾನೆ. ಆಮೇಲೆ ಇನ್ನೊಬ್ಬ ಸ್ಪೈಡರ್ ಬರುತ್ತಾನೆ, ಅವನದೂ ಅದೇ ರಾಗ. ಮತ್ತೊಬ್ಬಳು, ಮತ್ತೆ ಅದೇ. ಮೂರನೇ ಸಲಕ್ಕೆ ಥಿಯೇಟರ್ ನಗುತ್ತದೆ. ಆದರೆ ಹೊಸ ಸ್ಪೈಡರ್‌ಮ್ಯಾನ್ ಆಗುವ ಮೈಲ್ಸ್ ಮೊರಾಲೆಸ್‌ಗೆ ಪೂರ್ತಿ ಸಿನಿಮಾ ಕೊಟ್ಟಿದ್ದಾರೆ. ಅವನು ಕಾಮಿಕ್ಸಿಗೇ 2011ರಲ್ಲಿ ಬಂದ ಹುಡುಗ, ಅವನ ಕಥೆ ಯಾರಿಗೂ ಬಾಯಿಪಾಠ ಆಗಿಲ್ಲ. ಇದರ ಮುಂದಿನ ಭಾಗ, 2023ರದ್ದು, ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪ್ರತಿ ಸ್ಪೈಡರ್‌ಮ್ಯಾನ್ ಕಥೆಯಲ್ಲೂ ಕೆಲವು ಸಾವು ಆಗಲೇಬೇಕು, ತಪ್ಪಿಸಿದರೆ ಲೋಕವೇ ಮುಳುಗುತ್ತದೆ ಅಂತ ಅಲ್ಲೊಬ್ಬ ಹಟ ಹಿಡಿಯುತ್ತಾನೆ. ಆ ಪಟ್ಟಿಯಲ್ಲಿ ಮೈಲ್ಸ್‌ನ ಅಪ್ಪನೂ ಇದ್ದಾನೆ. ಹುಡುಗ ಒಪ್ಪುವುದಿಲ್ಲ, ಓಡುತ್ತಾನೆ. ನೀವು ನನಗೆ ಕೇಳಿದ ಪ್ರಶ್ನೆಯನ್ನೇ ಆ ಸಿನಿಮಾ ಖಳನ ಬಾಯಿಗೆ ಹಾಕಿದೆ ಅನ್ನಬಹುದು. ನಮ್ಮ ಕುಮಾರವ್ಯಾಸನಿಗೂ ಇಂಥದ್ದೇ ತಲೆನೋವಿತ್ತು. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕುತ್ತಿದ್ದಾನೆ, ಅಲ್ಲಿ ಕಾಲಿಡಲೂ ಜಾಗ ಇಲ್ಲ ಅಂತ ಹೇಳಿ ಅವನು ಭಾರತದ ಕಡೆ ತಿರುಗಿದ. ಆ ಭಾರತವೂ ಗೊತ್ತಿದ್ದ ಕಥೆಯೇ.

ಇನ್ನು ನಿಮ್ಮ ಅಕ್ಕನ ಮಗನ ಗೊಂದಲ. ನೀವು ನೋಡಿದ 2025ರ 'ಸೂಪರ್‌ಮ್ಯಾನ್' ಹುಟ್ಟಿನ ಕಥೆ ಹೇಳುವುದಿಲ್ಲ ಅಂದಿರಿ. ಹೇಳುತ್ತದೆ, ನೀವು ನಿರೀಕ್ಷಿಸಿದ ಜಾಗದಲ್ಲಿ ಅಲ್ಲ. ಶುರುವಿನಲ್ಲಿ ಪರದೆ ಮೇಲೆ ನಾಲ್ಕಾರು ಸಾಲು ಅಕ್ಷರ ಬರುತ್ತವೆ. ಮೂರು ಶತಮಾನದ ಹಿಂದೆ ಹೀಗಾಯಿತು, ಮೂರು ದಶಕದ ಹಿಂದೆ ಒಂದು ಮಗು ಬಂತು, ಮೂರು ವರ್ಷ, ಮೂರು ವಾರ ಅಂತ ಇಳಿಯುತ್ತಾ, ಮೂರು ನಿಮಿಷದ ಹಿಂದೆ ಅವನು ಮೊದಲ ಸಲ ಸೋತ ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಆ ಕ್ಷಣಕ್ಕೆ ಅವನು ಹಿಮದ ಮೇಲೆ ಬೀಳುತ್ತಾನೆ. ಒಂಬತ್ತು ವರ್ಷದ ಹುಡುಗ ಅಷ್ಟು ಬೇಗ ಇಂಗ್ಲಿಷ್ ಅಕ್ಷರ ಓದಿ ಮುಗಿಸಿರಲಿಕ್ಕಿಲ್ಲ. ಅವನ ಗೊಂದಲಕ್ಕೆ ಅರ್ಧ ಕಾರಣ ಅದು. ಇದು ಸಿನಿಮಾದ ತಪ್ಪೇ, ಮಕ್ಕಳು ಬರುತ್ತಾರೆ ಅಂತ ಗೊತ್ತಿದ್ದೂ ಓದುವ ಕೆಲಸ ಕೊಡಬಾರದಿತ್ತು. ಅದೇ ವರ್ಷದ 'ಫೆಂಟಾಸ್ಟಿಕ್ ಫೋರ್' ಇದನ್ನು ಚೆನ್ನಾಗಿ ಮಾಡಿತು. ನಾಲ್ವರಿಗೆ ಶಕ್ತಿ ಬಂದು ನಾಲ್ಕು ವರ್ಷ ಆಗಿದೆ. ಒಂದು ಟೀವಿ ಕಾರ್ಯಕ್ರಮದವನು ಅವರನ್ನು ಹೊಗಳುವ ನೆಪದಲ್ಲಿ ಎಲ್ಲಾ ಹೇಳಿಬಿಡುತ್ತಾನೆ.

ಆದರೆ ಸೂಪರ್‌ಮ್ಯಾನ್ ಹಿಮದ ಗುಡ್ಡೆಯೊಳಗಿನ ತನ್ನ ಮನೆಗೆ ಹೋದ ಮೇಲೆ ಏನಾಗುತ್ತದೆ ನೆನಪಿಸಿಕೊಳ್ಳಿ. ನೋವಿನಲ್ಲಿ ಮಲಗಿದವನಿಗೆ ರೋಬೋಟುಗಳು ಹೆತ್ತವರ ಹಳೆಯ ಸಂದೇಶ ಹಾಕುತ್ತವೆ. ಅದು ಅರ್ಧ ಕೆಟ್ಟುಹೋಗಿದೆ. ಆ ಅರ್ಧವನ್ನೇ ಅವನು ಜೀವನಪೂರ್ತಿ ನಂಬಿದ್ದಾನೆ, ಜನರ ಸೇವೆಗೆ ನನ್ನನ್ನು ಕಳಿಸಿದರು ಅಂತ. ಕಥೆಯ ನಡುವೆ ಉಳಿದರ್ಧ ಬಯಲಾಗುತ್ತದೆ. ಅದರಲ್ಲಿ ಹೆತ್ತವರು ಹೇಳಿರುವುದು ಆ ಜನರನ್ನು ಆಳು ಅಂತ! ಎಂಬತ್ತೇಳು ವರ್ಷದಿಂದ ನಮಗೆಲ್ಲ ಗೊತ್ತಿದ್ದ ಹುಟ್ಟಿನ ಕಥೆ ಅಲ್ಲಿ ಅವನ ಕಾಲ ಕೆಳಗಿನಿಂದ ಜಾರುತ್ತದೆ, ನಮ್ಮ ಕಾಲ ಕೆಳಗಿನಿಂದಲೂ. ಎಲ್ಲಾ ಮುಗಿದ ಮೇಲೆ ಅವನು ಮತ್ತೆ ಅಲ್ಲೇ ಮಲಗುತ್ತಾನೆ, ರೋಬೋಟುಗಳು ಮತ್ತೆ ಏನೋ ಹಾಕುತ್ತವೆ. ಈ ಸಲ ಅದು ಸಾಕಿದ ಅಪ್ಪ ಅಮ್ಮ ಮನೆಯಲ್ಲಿ ತೆಗೆದ ಹಳೆಯ ವಿಡಿಯೋ. ಮಗು ಓಡುತ್ತಿದೆ, ಆಡುತ್ತಿದೆ. ಸ್ವಲ್ಪವೇ ಹೊತ್ತು. ಬೇರೆ ಸಿನಿಮಾಗಳು ಮೊದಲ ಅರ್ಧ ಗಂಟೆ ಇಟ್ಟುಕೊಳ್ಳುವ ಹಳ್ಳಿ ಮನೆಯ ಬಾಲ್ಯ ಅದೇ. 1938ರ ಆ ಒಂದು ಪುಟದಲ್ಲಿ ಇಲ್ಲದೇ ಹೋದ ತಂದೆ ತಾಯಿ ಇವರೇ.

ಹುಡುಗ 'ಇವನು ಯಾರು' ಅಂತ ಕೇಳಿದ್ದನ್ನು ನೀವು 'ಇವನ ಗ್ರಹ ಯಾವುದು' ಅಂತ ಅರ್ಥ ಮಾಡಿಕೊಂಡಿರಿ. ಮಕ್ಕಳ ಜೊತೆ ಸಿನಿಮಾ ನೋಡಿದ ಅನುಭವದಿಂದ ಹೇಳುತ್ತೇನೆ, ಅವರು ಕೇಳುವುದು ಇವನು ನಮ್ಮ ಕಡೆಯವನಾ, ಇವನಿಗೆ ಏನು ಬೇಕು ಅನ್ನುವುದನ್ನು. ಅದು ತಿಳಿದ ಕೂಡಲೇ ಸುಮ್ಮನಾಗುತ್ತಾರೆ. ನಿಮ್ಮ ಹುಡುಗ ಕೊನೆಯವರೆಗೂ ಕೇಳುತ್ತಲೇ ಇದ್ದನಾ, ಅಥವಾ ನಡುವೆ ಎಲ್ಲೋ ನಿಲ್ಲಿಸಿದನಾ? ಸೂಪರ್‌ಮ್ಯಾನ್‌ನ ನಾಯಿ ಬಂದು ಬಿದ್ದವನನ್ನು ಹಿಮದಲ್ಲಿ ಎಳೆದುಕೊಂಡು ಹೋಗುವಾಗಲೇ ನಿಲ್ಲಿಸಿರಬೇಕು ಅಂತ ನನ್ನ ಊಹೆ. ಅವನನ್ನೇ ಕೇಳಿ ನೋಡಿ.